ಬಟನ್ ಇಳಿಸಿದರೂ ಆರದ ಕಿಡಿ

ಸಿಂದಗಿ ಸಮೀಪದ ತೋಟದ ವಸ್ತಿಯೊಂದರಲ್ಲಿ ಮೆಕ್ಯಾನಿಕ್ ಒಬ್ಬರು ಸುಟ್ಟ ಎಂಸಿಬಿ ಸ್ವಿಚ್ಚನ್ನು ಒಡೆದು ನನ್ನ ಅಂಗೈಗೆ ಇಟ್ಟರು. ಒಂದು ಬದಿಗೆ ಒತ್ತೊತ್ತಾಗಿ ನಿಂತ ತೆಳು ಕಬ್ಬಿಣದ ತಗಡುಗಳು, ಹೊಸದರಂತೆ ಹೊಳೆಯುತ್ತಿದ್ದವು. ಇನ್ನೊಂದು ಬದಿಯ ಸ್ಪ್ರಿಂಗು, ಕೊಂಡಿ ಕರಗಿ ಕರಿ ಮುದ್ದೆ. "ಡಿಸಿ ಎಂಸಿಬಿನೇ ತಂದಿದ್ರ್ರಿ. ಪ್ಲಸ್ಸು ಮೈನಸ್ಸು ಅದಲು ಬದಲು ಹಾಕ್ಯಾರ. ಹಗಲೊತ್ತಿನ್ಯಾಗ ಬಂದ್ ಮಾಡಿದ್ರ, ಒಳಗ ಹತ್ತಿ ಉರದೈತಿ."

ಅಣ್ಣತಮ್ಮಂದಿರ ಮೂರು ಮನೆ, ಮಾಡಿನ ಮೇಲೆ ಸಾಲಾಗಿ ಜೋಡಿಸಿದ ನಾಲ್ಕು ಸೋಲಾರ್ ಪ್ಲೇಟು, ನಡುಮನೆಯಲ್ಲಿ 48 ವೋಲ್ಟಿನ ಬ್ಯಾಟರಿ. ದೀಪ, ಫ್ಯಾನು, ಟಿವಿ ಎಲ್ಲ ಇನ್ವರ್ಟರ್ ಇಲ್ಲದೆ ನೇರ ಡಿಸಿಯಲ್ಲೇ. ಡಿಸಿ ಮೈಕ್ರೋಗ್ರಿಡ್ ಎಂದರೆ ಇಷ್ಟೇ.

ಡಿಸಿ ಹಿಂದೆ ಎಸಿಯೆದುರು ಸೋತು ಹೋದದ್ದು. 1882ರಲ್ಲಿ ಎಡಿಸನ್ ನ್ಯೂಯಾರ್ಕಿಗೆ ಕೊಟ್ಟದ್ದು ಡಿಸಿ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋದದ್ದು ಎಸಿ. ಅದೇ ಕೋಲಾರಕ್ಕೆ 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ 500 ಕಿಲೋವೋಲ್ಟಿನ ಡಿಸಿ ಲೈನ್ ಬಂತು. ಮನೆಯೊಳಗೆ 48 ವೋಲ್ಟ್ ಡಿಸಿ ತರಲು ಐಐಟಿ ಮದ್ರಾಸಿನ ಅಶೋಕ್ ಝುನ್‌ಝುನ್‌ವಾಲಾ ತಂಡ ದುಡಿಯಿತು. 2017ರಲ್ಲಿ ಅದಕ್ಕೊಂದು ಭಾರತೀಯ ಮಾನಕವೂ ಬಂತು.

ನನ್ನ ಮನಸ್ಸು ಮಾತ್ರ ಆ ಕರಿ ಮುದ್ದೆಯಲ್ಲೇ ಸಿಕ್ಕಿಕೊಂಡಿದೆ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಸ್ವಿಚ್ಚಿನ ಕಿಡಿ ಆಗ ತಾನೇ ಆರುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ, ಕಿಡಿಯನ್ನು ಕೊಲ್ಲಬೇಕು. ಅದಕ್ಕೇ ಇಂಥ ಎಂಸಿಬಿಯೊಳಗೆ ಒಂದು ಚಿಕ್ಕ ಅಯಸ್ಕಾಂತ. ಅದು ಕಿಡಿಯನ್ನು ತಗಡುಗಳ ಸಾಲಿಗೆ ತಳ್ಳುತ್ತದೆ. ಅಲ್ಲಿ ಕಿಡಿ ಹೋಳುಹೋಳಾಗುತ್ತದೆ. ಒಂದೊಂದು ಹೋಳು ಉರಿಯಲಿಕ್ಕೂ ಸುಮಾರು 20 ವೋಲ್ಟ್ ಬೇಕು. ಹತ್ತು ಹೋಳಾದರೆ 200. ಈ ಎಂಸಿಬಿಯ ಹಿಂದಿರುವ ನಾಲ್ಕು ಪ್ಲೇಟುಗಳ ಕೈಯಲ್ಲಿರುವುದು 180ರ ಆಸುಪಾಸು. ಕಿಡಿ ಸತ್ತಿತು! ಎಂಥ ಸೊಗಸಾದ ಲೆಕ್ಕ! ಆದರೆ ಕರೆಂಟಿನ ದಿಕ್ಕು ತಿರುಗಿದರೆ ಅಯಸ್ಕಾಂತ ತಳ್ಳುವ ದಿಕ್ಕೂ ತಿರುಗುತ್ತದೆ. ಕಿಡಿ ತಗಡು ಬಿಟ್ಟು ಸ್ಪ್ರಿಂಗಿನತ್ತ ನುಗ್ಗುತ್ತದೆ. ತಗಡು ಹೊಳೆಯುತ್ತಲೇ ಉಳಿದದ್ದು ಅದಕ್ಕೆ. ದಿಕ್ಕಿನ ಹಂಗಿಲ್ಲದ ಡಿಸಿ ಎಂಸಿಬಿಗಳೂ ಸಿಗುತ್ತವೆ. ತೋಟದ ಮನೆಗಳಿಗೆ ಅವನ್ನೇ ಹಾಕಬೇಕೆಂದು ನಾನು ಹಟ ಹಿಡಿಯುತ್ತೇನೆ.

ಇನ್ನೊಂದು ತೊಡಕು ಫ್ಯೂಸಿನದು. ಪ್ಲೇಟಿನ ಎರಡು ವೈರು ತಾಗಿ ಶಾರ್ಟ್ ಆದರೂ ಕರೆಂಟು ಮಾಮೂಲಿಗಿಂತ ಹೆಚ್ಚೆಂದರೆ ಶೇ. 10ರಷ್ಟು ಏರೀತು, ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಅದೇ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್. ಆದ್ದರಿಂದ ಬ್ಯಾಟರಿಯ ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಈ ವಸ್ತಿಯಲ್ಲಿ ಅದು ಇತ್ತು ಪುಣ್ಯಕ್ಕೆ.

ಬಳಕೆಯ ಹದಕ್ಕೆ ವೋಲ್ಟೇಜೇ ಗುರುತು. ಬ್ಯಾಟರಿಯಲ್ಲಿ ತಲಾ 2 ವೋಲ್ಟಿನ 24 ಸೆಲ್ಲು. ತುಂಬಿದಾಗ ಚಾರ್ಜರು 54ರಲ್ಲಿ ಹಿಡಿದಿಡುತ್ತದೆ, 43ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಹಾಳು. ಹಾಗಾಗಿ ಇಳಿಯುತ್ತಿದ್ದಂತೆ ಒಂದೊಂದನ್ನೇ ಕಡಿಯುವ ಪೆಟ್ಟಿಗೆಯಿದೆ. ಸರದಿ ಗೊತ್ತು ಮಾಡಿದವರು ಮನೆಯ ಹೆಂಗಸರು: ಮೊದಲು ಟಿವಿ, ಆಮೇಲೆ ಫ್ಯಾನು, ಕಡೆಗೆ ಅಡುಗೆಮನೆ ಮತ್ತು ದನದ ಕೊಟ್ಟಿಗೆಯ ದೀಪ.