ಕೊಡಗಿನ ಗೌರಮ್ಮ, ಇಂಗ್ಲೆಂಡಿನ ವಿಕ್ಟೋರಿಯಾ

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಮಡಿಕೇರಿ ಕೋಟೆ ಹೊಕ್ಕಿತು. ಹಾಲೇರಿ ವಂಶದ ಕೊನೆಯ ದೊರೆ ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡು ಕಾಶಿ ಸೇರಿದ. ಆದರೆ ಜನ ದೊರೆಮನೆತನವನ್ನು ಅಷ್ಟು ಬೇಗ ಮರೆಯಲಿಲ್ಲ. 1837ರಲ್ಲಿ ಸುಳ್ಯ, ಪುತ್ತೂರಿನ ರೈತರು ಕಂಪನಿಯ ವಿರುದ್ಧ ಎದ್ದು ಮಂಗಳೂರಿನವರೆಗೆ ದಂಡು ಒಯ್ದಾಗ ಅವರ ಮುಂದಿದ್ದದ್ದು ದೊರೆಮನೆತನದ ಜಂಗಮನೆಂದು ಜನ ನಂಬಿದ್ದ ಕಲ್ಯಾಣಸ್ವಾಮಿ ಎಂಬ ಹೆಸರು. ಕಂದಾಯದ ಸಿಟ್ಟಿಗೆ ರಾಜಭಕ್ತಿಯೂ ಜಂಗಮರ ಮೇಲಿನ ಗೌರವವೂ ಬೆರೆತಿದ್ದವು.

ವೀರಶೈವನಾದ ರಾಜ 1852ರಲ್ಲಿ ಸುಮಾರು 11 ವರ್ಷದ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೊರಟ. ಕಂಪನಿಯ ವಶದಲ್ಲಿದ್ದ ತನ್ನ ಮನೆತನದ ಹಣವನ್ನು ವಾಪಸ್ ಪಡೆಯುವುದು ಅವನ ಉದ್ದೇಶ. ಮಗಳನ್ನು ಕ್ರೈಸ್ತಳಾಗಿ ಬೆಳೆಸಲು ಒಪ್ಪಿದ್ದರಲ್ಲೂ ಆ ಲೆಕ್ಕಾಚಾರ ಇದ್ದಿರಲೇಬೇಕು. ಅದೇ ವರ್ಷ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹುಡುಗಿಗೆ ದೀಕ್ಷಾಸ್ನಾನ ಮಾಡಿಸಿದರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು.

ಇದು ಬರೀ ವಾತ್ಸಲ್ಯವಲ್ಲ. ಇಂಗ್ಲೆಂಡಿನಲ್ಲಿ ಸಿಂಹಾಸನದಲ್ಲಿ ಕೂತವರೇ ರಾಷ್ಟ್ರೀಯ ಚರ್ಚಿಗೂ ಮುಖ್ಯಸ್ಥರು. ಭಾರತದಲ್ಲಿ ಮತಪ್ರಚಾರಕ್ಕೆ ದಾರಿ ಬಿಡಬೇಕೆಂದು ಇಂಗ್ಲೆಂಡಿನ ಧರ್ಮನಿಷ್ಠರು ಒತ್ತಾಯಿಸಿ, ಕಂಪನಿಯ 1813ರ ಸನ್ನದು ಕಾಯ್ದೆಯಲ್ಲಿ ಅದನ್ನು ಗಿಟ್ಟಿಸಿಕೊಂಡಿದ್ದರು. ಚಿತ್ರಕಾರ ವಿಂಟರ್‌ಹಾಲ್ಟರ್ ಬರೆದ ಚಿತ್ರದಲ್ಲಿ ಗೌರಮ್ಮ ತೊಟ್ಟಿರುವುದು ಭಾರತದ ಉಡುಗೆ, ಒಡವೆ, ಕೈಯಲ್ಲಿರುವುದು ಬೈಬಲ್. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ 1853ರಲ್ಲಿ ಕ್ರೈಸ್ತನಾದ ಮೇಲೆ ಇವರಿಬ್ಬರಿಗೂ ಮದುವೆ ಮಾಡಿಸುವ ಆಸೆ ರಾಣಿಗಿತ್ತು. ಅವನು ಒಪ್ಪಲಿಲ್ಲ. 1860ರಲ್ಲಿ ಗೌರಮ್ಮ ತನಗಿಂತ ಸುಮಾರು 30 ವರ್ಷ ದೊಡ್ಡವನಾದ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. ಅಷ್ಟರಲ್ಲಿ ತಂದೆ ಲಂಡನ್ನಿನಲ್ಲೇ ತೀರಿಕೊಂಡಿದ್ದ, ಹಣ ಕೈಸೇರಲೇ ಇಲ್ಲ. 1864ರಲ್ಲಿ ಪುಟ್ಟ ಮಗಳನ್ನು ಬಿಟ್ಟು ಗೌರಮ್ಮನೂ ಹೋದಳು.

ಕೊಡಗಿನಲ್ಲಿ ಆದದ್ದೇ ಬೇರೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಅಲ್ಲಿಗೆ ಬಂದ. ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ನಡೆಸಿದ್ದವನೂ ಇವನೇ. ಕೊಡವರಲ್ಲಿ ಮತಾಂತರವಾದವರು ಬೆರಳೆಣಿಕೆಯಷ್ಟು ಮಂದಿ. ಒಡೆಯರ ಗದ್ದೆಯಲ್ಲಿ ಜೀತಕ್ಕಿದ್ದ ಹೊಲೆಯರು ಮಾತ್ರ ಮಿಷನ್ ಕಡೆ ಬಂದರು. ಅವರಿಗಾಗಿ ಆನಂದಪುರ ಎಂಬ ಊರೇ ಹುಟ್ಟಿತು. ಮಡಿಕೇರಿ ಕೋಟೆಯೊಳಗೆ ವೀರಭದ್ರ ಗುಡಿಯಿದ್ದ ಜಾಗದಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಎದ್ದಿತು.

1857ರ ದಂಗೆ ಬ್ರಿಟಿಷರ ಧಾಟಿಯನ್ನು ಬದಲಿಸಿತು. ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲ ಎಂದು 1858ರ ನವೆಂಬರ್ 1ರ ಘೋಷಣೆಯಲ್ಲಿ ಮಾತು ಕೊಟ್ಟದ್ದು, ಗೌರಮ್ಮನಿಗೆ ಧರ್ಮಮಾತೆಯಾಗಿದ್ದ ಅದೇ ರಾಣಿ. ಮಡಿಕೇರಿಯ ಆ ಚರ್ಚ್ ಕಟ್ಟಡದಲ್ಲಿ ಈಗ ಸರ್ಕಾರಿ ವಸ್ತುಸಂಗ್ರಹಾಲಯವಿದೆ.