ಕರೆಯದೆ ಬರುವ ಕ್ರಾಲರ್‌ಗಳು

ಸ್ವಂತ ವೆಬ್‌ಸೈಟ್ ಇಟ್ಟುಕೊಂಡವರು ಒಮ್ಮೆ ಅದರ ಲಾಗ್ ಕಡತವನ್ನು ತೆರೆದು ನೋಡಬೇಕು. ಯಾರೂ ಓದದ ಹಳೆಯ ಪುಟಗಳನ್ನೂ ಯಾರೋ ನಡುರಾತ್ರಿ ಸಾಲಾಗಿ ತೆರೆದಿರುತ್ತಾರೆ. ಇದು ಕ್ರಾಲರ್‌ಗಳ ಕೆಲಸ. ಕೊಂಡಿಯಿಂದ ಕೊಂಡಿಗೆ ಹೋಗುತ್ತ ಪುಟಗಳನ್ನು ನಕಲು ಮಾಡಿಕೊಳ್ಳುವ ತಂತ್ರಾಂಶಗಳಿವು. ಗೂಗಲ್ ಹುಡುಕಾಟ ನಡೆಯುವುದು ಇವುಗಳಿಂದಲೇ. ಈಗ ಎಐ ಮಾದರಿಗಳಿಗಾಗಿ ಪಠ್ಯ ಒಟ್ಟುಮಾಡುವ ಕ್ರಾಲರ್‌ಗಳೂ ಸೇರಿಕೊಂಡಿವೆ.

ಇವುಗಳ ಹೊರೆ ಎಷ್ಟೆಂಬುದನ್ನು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಹೇಳಿತು. ಅಲ್ಲಿ ಪುಟ ವೀಕ್ಷಣೆಯಲ್ಲಿ ಬಾಟ್‌ಗಳ, ಅಂದರೆ ಕ್ರಾಲರ್‌ನಂಥ ಸ್ವಯಂಚಾಲಿತ ತಂತ್ರಾಂಶಗಳ ಪಾಲು ಸುಮಾರು ಶೇ. 35. ಆದರೆ ಅತಿ ದುಬಾರಿ ಸಂಚಾರದಲ್ಲಿ ಅವುಗಳ ಪಾಲು ಶೇ. 65. ಕಾರಣ ಸರಳ. ಜನ ಹೆಚ್ಚಾಗಿ ಓದುವ ಪುಟಗಳ ಪ್ರತಿ ಹತ್ತಿರದ ಸರ್ವರ್‌ನಲ್ಲಿ ಸಿದ್ಧವಾಗಿರುತ್ತದೆ, ಕೊಡುವುದು ಸಲೀಸು. ಕ್ರಾಲರ್ ಮಾತ್ರ ಅಪರೂಪದ ಪುಟಗಳನ್ನೂ ಬಿಡದೆ ಕೇಳುತ್ತದೆ, ಅವನ್ನು ಪ್ರತಿ ಸಲ ಮೂಲ ಕೇಂದ್ರದಿಂದಲೇ ತರಿಸಬೇಕು. ಅಷ್ಟು ದೊಡ್ಡ ಸಂಸ್ಥೆಗೇ ಇದು ಭಾರವಾದರೆ, ತಿಂಗಳ ಬಾಡಿಗೆಯ ಪುಟ್ಟ ಸರ್ವರ್ ಕುಸಿಯುವುದರಲ್ಲಿ ಆಶ್ಚರ್ಯವಿಲ್ಲ.

ತಡೆಯುವ ಮೊದಲ ಉಪಾಯ 1994ರದು. ಮಾರ್ಟೈನ್ ಕೋಸ್ಟರ್ ಎಂಬ ತಂತ್ರಜ್ಞ ಸೂಚಿಸಿದ ‘ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ’ ಎಂಬ ಸಣ್ಣ ಕಡತ. ಯಾವ ಕ್ರಾಲರ್ ಎಲ್ಲಿಗೆ ಬರಬಾರದು ಎಂದು ಅದರಲ್ಲಿ ಬರೆದಿಡಬಹುದು. ಓಪನ್‌ಎಐನ ‘ಜಿಪಿಟಿಬಾಟ್’ ಬೇಡವೆಂದರೆ ಆ ಹೆಸರಿನ ಕೆಳಗೆ ನಿಷೇಧದ ಒಂದು ಸಾಲು ಸಾಕು. ಆದರೆ ಇದು ಗೇಟಿಗೆ ತೂಗುಹಾಕಿದ ಫಲಕವಷ್ಟೆ, ಬೀಗವಲ್ಲ. 2022ರಲ್ಲಿ ಅಧಿಕೃತ ಮಾನದಂಡವಾದಾಗಲೂ ಅದರಲ್ಲೇ ಈ ಮಾತನ್ನು ಸ್ಪಷ್ಟಪಡಿಸಲಾಗಿದೆ.

ಫಲಕ ಲೆಕ್ಕಿಸದವರನ್ನು ಸರ್ವರ್‌ನಲ್ಲೇ ತಡೆಯಬೇಕು. ಹೆಸರು ನೋಡಿ ತಡೆಯುವುದು ಅರ್ಧ ಪರಿಹಾರ, ಏಕೆಂದರೆ ಹೆಸರನ್ನು ಕ್ರಾಲರ್ ತಾನೇ ಹೇಳಿಕೊಳ್ಳುತ್ತದೆ. ಸುಳ್ಳು ಹೇಳಿ ‘ಗೂಗಲ್‌ಬಾಟ್’ ಎಂದು ಬರುವವೂ ಇವೆ. ಅಂಥದ್ದರ ಐಪಿ ವಿಳಾಸ ಗೂಗಲ್‌ನ ಡೊಮೇನ್‌ಗೆ ಸೇರಿದೆಯೇ, ಆ ಡೊಮೇನ್ ಹೆಸರು ತಿರುಗಿ ಅದೇ ಐಪಿಗೆ ಬರುತ್ತದೆಯೇ ಎಂದು ನೋಡಿದರೆ ನಿಜ ತಿಳಿಯುತ್ತದೆ. ಹೆಸರಿಗಿಂತ ನಡತೆಯನ್ನು ಅಳೆಯುವುದು ಉತ್ತಮ. ಒಂದೇ ವಿಳಾಸದಿಂದ ನಿಮಿಷಕ್ಕೆ ಇಂತಿಷ್ಟೇ ಕೋರಿಕೆ ಎಂದು ಮಿತಿ ಹಾಕಿದರೆ, ಮೀರಿದವರಿಗೆ ಸರ್ವರ್ 429 ಎಂಬ ಉತ್ತರ ಕೊಟ್ಟು ತಡೆಯುತ್ತದೆ. ಸಾವಿರಾರು ಮನೆ ಸಂಪರ್ಕಗಳ ಮರೆಯಲ್ಲಿ ಹಂಚಿಕೊಂಡು ಬರುವವರ ಮುಂದೆ ಈ ಮಿತಿಯೂ ಸೋಲುತ್ತದೆ. ಅಂಥ ಕಡೆ 2025ರಲ್ಲಿ ಬಂದ ‘ಅನುಬಿಸ್’ ಎಂಬ ತಂತ್ರಾಂಶ ಬಳಸುವವರಿದ್ದಾರೆ. ಪುಟ ಕೊಡುವ ಮೊದಲು ಅದು ಬ್ರೌಸರ್‌ಗೆ ಒಂದು ಲೆಕ್ಕ ಬಿಡಿಸಲು ಹೇಳುತ್ತದೆ. ಒಬ್ಬ ಓದುಗನಿಗೆ ಕ್ಷಣದ ಕೆಲಸ, ಲಕ್ಷ ಪುಟ ಬಾಚುವವನಿಗೆ ದೊಡ್ಡ ಖರ್ಚು. ಹಳೆಯ ಫೋನಿನ ಓದುಗರಿಗೂ ಇದು ತೊಡಕು. ಹಾಗಾಗಿ ಇದನ್ನು ಕೊನೆಯ ಅಸ್ತ್ರವಾಗಿಯೇ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಸಿಟ್ಟಿನಲ್ಲಿ ಎಲ್ಲ ಬಾಗಿಲನ್ನೂ ಮುಚ್ಚಬೇಡಿ. ಕನ್ನಡದ ಬರಹ ಹುಡುಕಿದವರಿಗೆ ಸಿಗಬೇಕು. ಗೂಗಲ್ ಹುಡುಕಾಟಕ್ಕೆ ಒಪ್ಪಿಗೆ ಕೊಟ್ಟು, ಅದರ ಎಐ ತರಬೇತಿಗೆ ಮಾತ್ರ ಬೇಡವೆನ್ನಲು ರೋಬಾಟ್ಸ್ ಕಡತದಲ್ಲಿ ಬರೆಯಬಹುದಾದ ‘ಗೂಗಲ್-ಎಕ್ಸ್‌ಟೆಂಡೆಡ್’ ಎಂಬ ಪ್ರತ್ಯೇಕ ಹೆಸರೇ ಇದೆ. ಮೊದಲು ಲಾಗ್ ಓದಿ, ಯಾರು ಬರುತ್ತಿದ್ದಾರೆಂದು ತಿಳಿದುಕೊಳ್ಳಿ, ಆಮೇಲೆ ತಡೆಯಿರಿ.