ಕಾಕಂಬಿಯಲ್ಲ, ಜೇನು

ಚಪಳಗಾಂವದಲ್ಲಿ ಯಾರ ಮುಂದಾದರೂ ಈ ಬಾಟಲಿ ಇಟ್ಟು ನೋಡಿ. ಮುಚ್ಚಳ ತೆಗೆಯುವ ಮೊದಲೇ ‘ಕಾಕಂಬಿ ಏನ್ರೀ?’ ಅಂತ ಕೇಳುತ್ತಾರೆ. ಅವರ ತಪ್ಪಲ್ಲ. ಸೋಲಾಪುರ ಜಿಲ್ಲೆಯೆಂದರೆ ಸಕ್ಕರೆ ಕಾರ್ಖಾನೆಗಳ ಸೀಮೆ. ಕಪ್ಪಗೆ, ಮಂದವಾಗಿ ಇಳಿಯುವುದೆಲ್ಲ ಇಲ್ಲಿ ಕಾಕಂಬಿಯೇ. ಜೇನುತುಪ್ಪಕ್ಕೆ ಬಂಗಾರದ ಬಣ್ಣ ಇರಲೇಬೇಕು. ಸೂರ್ಯಕಾಂತಿ ಹೊಲದ ಜೇನು ಹಳದಿಯಾಗಿಯೇ ಇರುತ್ತದಲ್ಲ!

ಈ ಕರಿ ಜೇನು ಕುಟ್ಟು ಹೂವಿನದು. ಉತ್ತರದವರು ನವರಾತ್ರಿ ಉಪವಾಸಕ್ಕೆ ಪೂರಿ ಮಾಡುವುದು ಇದೇ ಕುಟ್ಟು ಹಿಟ್ಟಿನಿಂದ, ನಮಗೆ ಭಗರ, ಸಾಬುದಾಣಿ ಇದ್ದ ಹಾಗೆ. ಇದು ಗೋಧಿಯ ಬಳಗವಲ್ಲ, ಹುಲ್ಲಿನ ಜಾತಿಯೂ ಅಲ್ಲ. ಮೂರು ಮೂಲೆಯ ಕಾಳು, ಗೊಂಚಲು ಗೊಂಚಲಾಗಿ ಬಿಳಿ ಹೂ. ತಂಪು ಬೇಡುವ ಬೆಳೆ. ಹಿಮಾಲಯದ ಇಳಿಜಾರುಗಳಲ್ಲಿ ಬೆಳೆಯುತ್ತದೆ. ರಷ್ಯಾ, ಉಕ್ರೇನ್, ಪೋಲೆಂಡ್, ಅಮೆರಿಕಗಳಲ್ಲಿ ಇದರ ಜೇನಿಗೆ ಹೆಸರಿದೆ. ಹೂವು ಮಕರಂದ ಕೊಡುವುದು ಹೆಚ್ಚಾಗಿ ಮುಂಜಾನೆ. ಮಧ್ಯಾಹ್ನ ಹೂವು ಬತ್ತಿದ ಮೇಲೆ ಹುಳುಗಳಿಗೆ ಸಿಟ್ಟು ಬರುತ್ತದೆ, ಆಗ ಪೆಟ್ಟಿಗೆ ಮುಟ್ಟಬಾರದು ಅನ್ನುತ್ತಾರೆ ಸಾಕುವವರು.

ಚಮಚವನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ನಡುವೆ ಚಹಾ ಡಿಕಾಕ್ಷನ್ನಿನ ಕಪ್ಪು, ಅಂಚಿನಲ್ಲಿ ಮಾತ್ರ ಕೆಂಪು. ಮೂಗಿಗೆ ಮೊದಲು ಬಂದದ್ದು ದನದ ಕೊಟ್ಟಿಗೆಯ ವಾಸನೆ, ಸುಳ್ಳು ಹೇಳಲಾರೆ. ನಾಲಿಗೆಗೆ ಇಟ್ಟಾಗ ಅದು ಮೊಳಕೆ ಕಾಳು ಹುರಿದ ಹಿಟ್ಟಿನ ಘಮವಾಯಿತು. ಸಿಹಿಯ ಹಿಂದೆಯೇ ಒಂದಿಷ್ಟು ಒಗರು.

ಬಣ್ಣ ಗಾಢವಾದಷ್ಟೂ ಜೇನಿನಲ್ಲಿ ಫಿನಾಲಿಕ್ ಎಂಬ ಸಸ್ಯಮೂಲದ ಅಂಶಗಳು ಸಾಮಾನ್ಯವಾಗಿ ಹೆಚ್ಚು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಗಡಿ-ಕೆಮ್ಮಿನ 105 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಕೆಲವರಿಗೆ ಮಲಗುವ ಮುನ್ನ ಕುಟ್ಟು ಜೇನು, ಕೆಲವರಿಗೆ ಕೆಮ್ಮಿನ ಔಷಧಿ, ಉಳಿದವರಿಗೆ ಏನೂ ಇಲ್ಲ. ಜೇನು ನೆಕ್ಕಿದ ಮಕ್ಕಳ ರಾತ್ರಿ ಕೆಮ್ಮು ಏನೂ ಕೊಡದವರಿಗಿಂತ ಚೆನ್ನಾಗಿ ತಗ್ಗಿತ್ತು. ಔಷಧಿಗೂ ಜೇನಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ನಮ್ಮ ಅಜ್ಜಿಯರು ಶುಂಠಿ ರಸಕ್ಕೆ ಜೇನು ಬೆರೆಸಿ ಕೊಡುತ್ತಿದ್ದರು; ಅವರು ಯಾವ ಹೂವಿನದೆಂದು ಕೇಳಿದವರಲ್ಲ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಯಾವ ಜೇನನ್ನೂ ನೆಕ್ಕಿಸಬೇಡಿ. ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯವಿದೆ. ಸಕ್ಕರೆ ಕಾಯಿಲೆಯವರೂ ಬಣ್ಣಕ್ಕೆ ಮರುಳಾಗಬಾರದು. ಕಪ್ಪಾದರೇನು, ನೂರರಲ್ಲಿ ಸುಮಾರು 80 ಪಾಲು ಸಕ್ಕರೆಯೇ.

ನೀರಿಗೆ ಹಾಕಿ ನೋಡಿದರೆ ಅಸಲಿ ತಿಳಿಯುತ್ತದೆ ಎಂಬ ಮಾತಿದೆ. ನಮ್ಮೂರಲ್ಲಿ ಅದನ್ನು ನಂಬಬೇಡಿ. ಕಾಕಂಬಿಯೂ ನೆಟ್ಟಗೆ ತಳಕ್ಕೇ ಇಳಿಯುತ್ತದೆ. ಚಳಿಗೆ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಅಂತಲೂ ಅಲ್ಲ. ಗೊತ್ತಿರುವ ಸಾಕಣೆದಾರರಿಂದ ಕೊಳ್ಳುವುದೇ ಒಳ್ಳೆಯದು, ಇಲ್ಲವೇ ಪ್ರಯೋಗಾಲಯ.

ಯುರೋಪಿನವರು ಇದನ್ನು ಮಸಾಲೆ ಕೇಕಿಗೆ ಹಾಕುತ್ತಾರೆ, ಕೊಳೆಹಾಕಿ ಮದ್ಯವನ್ನೂ ಮಾಡುತ್ತಾರೆ. ನಾನು ಪಂಚಾಮೃತಕ್ಕಂತೂ ಹಾಕಲಾರೆ, ಹಾಲಿನ ಬಣ್ಣವೇ ಕೆಡುತ್ತದೆ. ಬಿಸಿ ಸಜ್ಜಿ ರೊಟ್ಟಿ, ಮೇಲೆ ಬೆಣ್ಣೆ, ಅದರ ಮೇಲೆ ಇದು ಅರ್ಧ ಚಮಚ. ಕಾಕಂಬಿ ಅಂದವರೇ ಎರಡನೇ ರೊಟ್ಟಿಗೆ ಬಾಟಲಿ ಕೇಳಿದರು.